ಪ್ಲೈವುಡ್ಡಿನ ಮೇಲೆ ರಂಗೋಲಿ

ಚರಂಡಿ ಮುಚ್ಚಳಗಳ ಅಧ್ಯಯನಕ್ಕೆಂದು ಹೊರದೇಶದಲ್ಲಿರುವ ಮಾನ್ಯ ಅಧಿಕಾರಿಗಳೇ,

ವಡಪಳನಿಯ ನಮ್ಮ ಗೇಟಿನ ಪಕ್ಕ ತಾವು ತೋಡಿಸಿದ ಮಳೆನೀರಿನ ಚರಂಡಿಗೆ ಮುಚ್ಚಳವಿಲ್ಲ. ಇರುವುದು ಸಿಮೆಂಟಿನ ಬಣ್ಣ ಬಳಿದ ಪ್ಲೈವುಡ್. ಗುಂಡಿ ನನಗೆ ಎದೆಮಟ್ಟ. ಎರಡನೇ ಕ್ಲಾಸಿನ ಮೊಮ್ಮಗಳು ಪ್ರಣಮ್ಯಾಳಿಗೆ ತಲೆಗಿಂತ ಮೇಲೆ. ಮಳೆಗಾಲಕ್ಕೆ ಇನ್ನು ಎಂಟೋ ಹತ್ತೋ ದಿನ. ನನಗೆ ಹೆದರಿಕೆಯಾಗಿದೆ.

ಇದನ್ನೇ ತಮಿಳಿನಲ್ಲಿ ಮೂರು ಸಲ ಬರೆದುಕೊಟ್ಟೆ, ಉತ್ತರವಿಲ್ಲ. ಅದಕ್ಕೇ ಈ ಸಲ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದದೇ ಇರುವುದಕ್ಕೆ ಈಗಲಾದರೂ ತಮಗೊಂದು ನ್ಯಾಯವಾದ ಕಾರಣ ಇರಲಿ.

ತಪಾಸಣೆಯ ಹಿಂದಿನ ರಾತ್ರಿ ನಾವೆಲ್ಲ ಮಲಗಿದ ಮೇಲೆ ಕಂಟ್ರಾಕ್ಟರನ ಆಳುಗಳು ಬಂದು ಹಲಗೆ ಹಾಸಿ ಬಣ್ಣ ಬಳಿದು ಹೋದರು. ಮರುದಿನ ತಾವು ಅದರ ಪಕ್ಕದಲ್ಲಿ (ಮೇಲೆ ಅಲ್ಲ, ಪಕ್ಕದಲ್ಲಿ) ನಿಂತು ಫೋಟೋ ತೆಗೆಸಿಕೊಂಡಿರಿ. ಕೆಲಸ ನೂರಕ್ಕೆ ನೂರು ಮುಗಿದಿದೆ ಎಂದು ಪೇಪರಿನಲ್ಲಿ ಬಂತು. ನಾವೂ ನಂಬಿದೆವು. ಒಂದು ತಿಂಗಳು ಪ್ರಣಮ್ಯಾ ಅದರ ಮೇಲೆ ಕುಂಟೆಬಿಲ್ಲೆ ಆಡಿದ್ದಾಳೆ. ಆಮೇಲೊಂದು ದಿನ ಇಸ್ತ್ರಿಯ ತಿರುಮಲನ ಗಾಡಿಯ ಚಕ್ರ ಆ ಮುಚ್ಚಳದ ಮೂಲೆ ಮುರಿದು ಒಳಗಿಳಿಯಿತು. "ಸಾಮಿ, ಇದು ಸಿಮೆಂಟ್ ಇಲ್ಲೆ, ಪಲಗೈ!" ಬರೀ ಹಲಗೆ ಎಂದು ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ತಮ್ಮ ಕಚೇರಿಗೆ ಓಡಿದೆ. ಗುಮಾಸ್ತರು ಕಂಪ್ಯೂಟರ್ ನೋಡಿ, "ಪೆರಿಯವರೇ, ದಾಖಲೆಯಲ್ಲಿ ಮುಚ್ಚಳ ಇದೆ. ಇರೋ ಮುಚ್ಚಳದ ಮೇಲೆ ಇನ್ನೊಂದು ಹಾಕಿದ್ರೆ ಆಡಿಟ್‌ನವರು ಬಿಡ್ತಾರಾ?" ಎಂದರು.

"ಹಾಗಾದರೆ ಸಾಹೇಬರನ್ನೇ ಕಾಣ್ತೇನೆ."

"ಅವರು ಟೂರ್‌ನಲ್ಲಿದ್ದಾರೆ. ಮೂರು ದೇಶ. ಅಲ್ಲಿ ಮುಚ್ಚಳ ಹೇಗೆ ಹಾಕ್ತಾರೆ ಅಂತ ನೋಡ್ಕೊಂಡು ಬರ್ತಾರೆ."

"ಒಬ್ಬರೇ ಹೋಗಿದ್ದಾರಾ?"

"ಫ್ಯಾಮಿಲಿಯೂ ನೋಡ್ಬೇಕಲ್ಲ, ಸಾರ್!"

ನಾನು ಓದಿದವನಲ್ಲ. ನಲವತ್ತು ವರ್ಷ ಹೋಟೆಲಿನಲ್ಲಿ ಸಾಂಬಾರು ಕುದಿಸಿದವನು. ಅಕ್ಷರ ಕಲಿತದ್ದು ಪೊಟ್ಟಣ ಕಟ್ಟುವ ಕಾಗದದಿಂದ. ಆದರೂ ಒಂದು ಗೊತ್ತು: ಕುದಿಯುವ ಹಂಡೆಯನ್ನು ತೆರೆದಿಟ್ಟು ಯಾವ ಅಡುಗೆಯವನೂ ಮುಚ್ಚಳ ನೋಡಲು ಊರೂರು ಸುತ್ತುವುದಿಲ್ಲ.

ಈಗ ಕಾವಲಿಗೆ ನಿಂತವಳು ನನ್ನ ಹೆಂಡತಿ ತುಂಗಾ. ಈ ಬೀದಿಯಲ್ಲಿ ಕೆಂಪು ಪಟ್ಟಿ ಕಟ್ಟಿದರೆ ದಾಟುತ್ತಾರೆ, ಬೋರ್ಡ್ ಇಟ್ಟರೆ ಹೊತ್ತೊಯ್ಯುತ್ತಾರೆ. ರಂಗೋಲಿ ಮಾತ್ರ ಯಾರೂ ತುಳಿಯುವುದಿಲ್ಲ, ಬೈಕಿನವರೂ ಬಳಸಿ ಹೋಗುತ್ತಾರೆ. ಹಾಗಾಗಿ ದಿನಾ ಬೆಳಿಗ್ಗೆ ಆ ಹಲಗೆಯ ತುಂಬ ಅವಳು ಚುಕ್ಕಿಯಿಟ್ಟು ಎಳೆ ಎಳೆಯುತ್ತಾಳೆ. ಬಗ್ಗಿದವಳು ಒಳಗೆ ಬೀಳದಂತೆ ನಾನು ಸೊಂಟ ಹಿಡಿದು ನಿಲ್ಲುತ್ತೇನೆ. "ಗಟ್ಟಿ ಹಿಡೀರಿ ಮಾರಾಯ್ರೆ, ಸಾಂಬಾರಿನ ಸೌಟಲ್ಲ ಇದು!" ಎಂದು ಗದರುತ್ತಾಳೆ. ತಮ್ಮ ಇಲಾಖೆಯ ಕೆಲಸವನ್ನು ಒಂದು ಹಿಡಿ ಅಕ್ಕಿಹಿಟ್ಟು ಮಾಡುತ್ತಿದೆ.

ಆದರೆ ಅಕ್ಕಿಹಿಟ್ಟು ಮಳೆಗೆ ನಿಲ್ಲುತ್ತದೆಯೇ ಮಾನ್ಯರೇ? ಮೊಣಕಾಲುದ್ದ ನೀರು ನಿಂತರೆ ರಸ್ತೆ ಯಾವುದು, ಗುಂಡಿ ಯಾವುದು?

ತಾವು ಪ್ರವಾಸ ಮೊಟಕು ಮಾಡಬೇಕಾಗಿಲ್ಲ. ಅಲ್ಲಿಂದಲೇ ಒಂದು ಫೋನ್ ಮಾಡಿ, ಮಳೆಗೆ ಮುಂಚೆ ಒಂದು ಕಾಂಕ್ರೀಟ್ ಚಪ್ಪಡಿ ಹಾಕಿಸಿ. ದಾಖಲೆಯಲ್ಲಿ ಬರೆಯದಿದ್ದರೂ ಸರಿ, ನಾವು ಯಾರಿಗೂ ಹೇಳುವುದಿಲ್ಲ.

ಮಳೆ ಬಂದ ದಿನ ಪ್ರಣಮ್ಯಾಳನ್ನು ಶಾಲೆಗೆ ಕಳಿಸುವುದಿಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅವಳಿಗೆ ಖುಷಿಯೋ ಖುಷಿ. "ಅಜ್ಜಾ, ಮಳೈ ಎಪ್ಪೋ ವರುಂ?" ಎಂದು ಮಳೆಯ ದಾರಿ ಕಾಯುತ್ತ ಗಳಿಗೆಗೊಮ್ಮೆ ಗೇಟಿನತ್ತ ಓಡುತ್ತಾಳೆ. ನಾನು ಅವಳ ಹಿಂದೆ ಓಡುತ್ತೇನೆ.

ಇಂತಿ,
ಎಪ್ಪತ್ತಮೂರರ ವಯಸ್ಸಿನಲ್ಲಿ ಓಡುವುದನ್ನು ಕಲಿಯುತ್ತಿರುವ
ಉಪೇಂದ್ರ