ಬಹುಮಾನ ಬಂದ ಹೂದೋಟ

ಗೌರಿಗುಡ್ಡ ರೈಲ್ವೆ ಸ್ಟೇಷನ್,
ತರೀಕೆರೆ ತಾಲ್ಲೂಕು
೧೪ನೇ ಮೇ ೧೯೧೨

ಚಿ|| ಸೌ|| ದಾಕ್ಷಾಯಣಿಗೆ ಗಂಗಾಧರಯ್ಯ ಮಾಡುವ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬಿಟ್ಟಿದ್ದೇನೆ. ನಿನ್ನ ಮೈ ಹೇಗಿದೆ? ಊಟ ಸೇರುತ್ತಿದೆಯೇ? ಮಗುವನ್ನು ಕಳೆದುಕೊಂಡು ನೀನು ತವರಿಗೆ ಹೋಗಿ ಐದು ವಾರವಾಯಿತು. ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಆಮೇಲೆ ಹದಿನೈದು ದಿನ ನಾನೂ ಮುನಿಸಿಕೊಂಡು ಸುಮ್ಮನಿದ್ದೆ. ಮುನಿಸಿಕೊಳ್ಳಲು ನನಗೆ ಯಾವ ಮುಖವಿದೆ ಎಂದು ನಿನ್ನೆ ಹೊಳೆಯಿತು. ತಡವಾದದ್ದಕ್ಕೆ ಕ್ಷಮಿಸು. ಈ ಕಾಗದ ನೀನೇ ಓದಿಕೋ. ಮಾವನವರ ಕೈಗೆ ಕೊಟ್ಟು ಜಗಲಿಯ ಮೇಲೆ ಓದಿಸಬೇಡ.

ಮೊದಲು ತೋಟದ ಸಮಾಚಾರ. ಇದೇನು, ಈ ಮನುಷ್ಯ ಮತ್ತೆ ಹೂವಿನ ಮಾತೇ ಎತ್ತಿದನಲ್ಲ ಎಂದು ಬಿಸಾಡಬೇಡ. ಬೇರೆ ಮಾತಿಗೆ ಬರುವಷ್ಟರಲ್ಲಿ ಲೇಖನಿ ಕೆಳಗಿಟ್ಟು ಎದ್ದುಬಿಡುತ್ತೇನೆ. ಈ ಬಿಸಿಲಿಗೆ ಸುತ್ತಲ ಹೊಲವೆಲ್ಲ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ನಮ್ಮ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಮಾತ್ರ, ನೀನು ಹೇಳಿ ಹಾಕಿಸಿದ್ದೆಲ್ಲ ಒಂದೂ ತಪ್ಪದೆ ಹೂವು ಬಿಟ್ಟಿದೆ. ಹಿಂದೆ ಕೋಳಿಜುಟ್ಟಿನ ಕಡುಗೆಂಪು, ಮುಂದೆ ಮೊಣಕಾಲೆತ್ತರಕ್ಕೆ ಚೆಂಡುಹೂವಿನ ಅರಿಶಿನ (ಅದರಲ್ಲಿ ಅರ್ಧದ ಕಥೆ ಆಮೇಲೆ ಹೇಳುತ್ತೇನೆ). ಕೋಳಿಜುಟ್ಟಿನ ಪಕ್ಕ ನಾನು ಕೆಂಪು ದಾಸವಾಳ ನೆಡಲು ಹೋದಾಗ ನೀನು ನಕ್ಕುಬಿಟ್ಟಿದ್ದೆ. "ಕೆಂಪಿನ ಮಗ್ಗುಲಿಗೆ ಕೆಂಪು ಇಟ್ರೆ ಎರಡೂ ಮಂಕಾಗ್ತವೆ ಕಣ್ರೀ. ಸೀರೆ ನೋಡಿಲ್ವಾ? ಒಡಲು ಒಂದ್ ಬಣ್ಣ, ಅಂಚು ಇನ್ನೊಂದು!" ಎಂದಿದ್ದೆ. ಅಂದಿನಿಂದ ಇಡೀ ತೋಟಕ್ಕೆ ನೀನು ಸೀರೆ ಉಡಿಸಿದೆ. ನೀರಿನ ತೊಟ್ಟಿಯ ಬೇಲಿಗೆ ಶಂಖಪುಷ್ಪ ಹಬ್ಬಿಸಿ, ಆ ನೀಲಿಯ ಬುಡಕ್ಕೆ ಬಿಳಿಯ ನಿತ್ಯಪುಷ್ಪ. ಸಿಗ್ನಲ್ ಕಂಬದ ಹತ್ತಿರ ಕೇಸರಿ ಕನಕಾಂಬರ, ಅದಕ್ಕೆ ಬೂದುಹಸಿರಿನ ಮರುಗದ ಅಂಚು. ಈ ಕೊನೆಯದನ್ನು ನಾನು ಒಪ್ಪಿರಲಿಲ್ಲ, ಜಗಳವನ್ನೇ ಆಡಿದ್ದೆ. ಈಗ ನಾಲ್ಕು ಗಂಟೆಯ ಗಾಡಿ ನಿಂತರೆ ಜನ ಕಿಟಕಿಯಿಂದ ತಲೆ ಹಾಕಿ ಅದನ್ನೇ ನೋಡುತ್ತಾರೆ. ಅಜ್ಜಂಪುರದ ಕಡೆಯ ಮುದುಕಿಯೊಬ್ಬಳು ಇಳಿದೇ ಬಂದು, "ಯಾವ ಪುಣ್ಯಾತ್ಗಿತ್ತಿ ಕೈಯಪ್ಪಾ ಇದು?" ಎಂದು ಕೇಳಿದಳು. ನಾನು ಒಳಗೆ ಹೋಗಿಬಿಟ್ಟೆ.

ಬಹುಮಾನವೂ ಬಂತು. ಈ ಭಾಗದ ಸ್ಟೇಷನ್ ತೋಟಗಳಲ್ಲೆಲ್ಲ ನಮ್ಮದೇ ಮೊದಲು. ರೈಲ್ವೆಯ ಇಂಗ್ಲಿಷ್ ದೊರೆಗಳ ರುಜು ಇರುವ ಸರ್ಟಿಫಿಕೇಟನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದೇನೆ. ಮಗು ಹೋದ ಮರುದಿನ ದೊರೆ ಟ್ರಾಲಿಯಲ್ಲಿ ತಪಾಸಣೆಗೆ ಬಂದರಲ್ಲ, ಅಂದಿನ ಒಂದು ಮಾತು ನಿನಗೆ ಹೇಳಿರಲಿಲ್ಲ. ಅವರು ಕನಕಾಂಬರದ ಮುಂದೆ ತುಂಬ ಹೊತ್ತು ನಿಂತರು. ಈ ಬಣ್ಣಗಳನ್ನು ಹೀಗೆ ಜೋಡಿಸಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ನಾಲಿಗೆ ತಡವರಿಸಲೂ ಇಲ್ಲ, ಥೂ!

ನಿನ್ನ ಕೈಲಿ ನೀರು ಹೊರಿಸಿದವನೂ ನಾನೇ. ಯುಗಾದಿ ಕಳೆಯುತ್ತಲೇ ಬಾವಿ ಬತ್ತಿತು. ತೊಟ್ಟಿಯ ನೀರು ಇಂಜಿನ್ನಿಗೆ ಮೀಸಲು. ಗಿಡಗಳಿಗೆ ಹಳಿ ದಾಟಿ, ಹಳ್ಳದ ಒರತೆಯಿಂದ ತರಬೇಕಾಯಿತು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕಲ್ಲಪ್ಪ ಜ್ವರ ಬಂದು ಮಲಗಿದ್ದ. ನಿನಗೆ ಏಳು ತಿಂಗಳು. "ಸೊಂಟ ಸೆಳೀತೈತೆ, ಇವತ್ತೊಂದಿನ ಬಿಡ್ರೀ" ಎಂದೆ ನೀನು. ನಾನು ಏನೆಂದೆ? "ದೊರೆ ಬರೋ ಹೊತ್ತಿಗೆ ಗಿಡ ಬಾಡಿದ್ರೆ ನನ್ ಮಾನ ಹೋಗುತ್ತೆ. ಇನ್ನೆರಡೇ ಕೊಡ ಕಣೇ" ಎಂದೆ. ನನ್ನ ಕೈಗೇನು ಲಕ್ವ ಹೊಡೆದಿತ್ತೇ? ಸ್ಟೇಷನ್ ಮಾಸ್ತರು ಕೊಡ ಹೊತ್ತರೆ ಜನ ನಗುತ್ತಾರೆಂದು ಕೋಟು ಹಾಕಿಕೊಂಡು ನಿಂತು ನೋಡಿದೆ. ಆ ಎರಡು ಕೊಡ ಹೊತ್ತು ಬಂದು ಮಲಗಿದವಳು ಬೆಳಗಾಗುವಷ್ಟರಲ್ಲಿ ಉಸಿರಿಲ್ಲದ ಮಗುವನ್ನು ಹೆತ್ತೆ. ನಿನಗೆ ಎರಡು ದಿನ ಎಚ್ಚರವಿರಲಿಲ್ಲ.

ಮೊನ್ನೆ ಏನೋ ತಲೆಗೇರಿದಂತಾಗಿ ಗುದ್ದಲಿ ಹಿಡಿದು ಹೋಗಿ ಚೆಂಡುಹೂವಿನ ಅರ್ಧ ಸಾಲು ಕಡಿದುಹಾಕಿದೆ. ಕಲ್ಲಪ್ಪ ಓಡಿಬಂದು ಕೈ ಹಿಡಿದುಕೊಂಡ. "ಬ್ಯಾಡಿ ಸ್ವಾಮಿ! ಅಮ್ಮಾರು ಹೊತ್ತು ಹಾಕಿದ್ ನೀರು ಇದು. ಕೀಳಾಕೆ ನೀವ್ಯಾರು?" ಎಂದ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಅಂದು ಅದೂ ಬರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತೆ. ಅವನು ಪಾಪ, ಗುದ್ದಲಿ ಒಳಗಿಟ್ಟು ಬಂದು ಪಕ್ಕದಲ್ಲಿ ಕುಳಿತ.

ಮಾವನವರು ಹೇಳಿಕಳಿಸಿದ್ದೂ ಮುಟ್ಟಿತು. "ನಮ್ಮುಡುಗೀನ ಸಂಸಾರ ಮಾಡಾಕೆ ಕೊಟ್ಟಿದ್ದು, ನೀರು ಹೊರಾಕಲ್ಲ. ಇನ್ ಕಳ್ಸೋ ಮಾತೇ ಇಲ್ಲ" ಎಂದರಂತೆ. ಅವರ ಮಾತಿನಲ್ಲಿ ತಪ್ಪೇನಿದೆ? ಆದರೆ ಅದು ಅವರೊಬ್ಬರ ಮಾತೋ, ನಿನ್ನ ಮಾತೂ ಹೌದೋ? ನನಗೆ ಅದೊಂದು ತಿಳಿಯಬೇಕು. ಗಾಡಿ ಬಂದಾಗಲೆಲ್ಲ ಹೆಂಗಸರ ಡಬ್ಬಿಯ ಕಡೆ ಓಡುತ್ತೇನೆ. ಶನಿವಾರ ಹಸಿರು ಬಾವುಟ ತೋರಿಸುವುದನ್ನೇ ಮರೆತು ಡ್ರೈವರನ ಕೈಲಿ ಬೈಸಿಕೊಂಡೆ. ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಹೀಗೆ ಇನ್ನೊಂದು ತಿಂಗಳು ಹೋದರೆ ನನಗೆ ಹುಚ್ಚು ಹಿಡಿಯುತ್ತದೆ, ನಿಜವಾಗಿ ಹೇಳುತ್ತೇನೆ.

ಬಂದುಬಿಡು ಮಾರಾಯ್ತಿ. ನಿಮ್ಮ ಲಿಂಗದಹಳ್ಳಿಯಿಂದ ಸಂತೆಗೆ ಹೊರಡುವ ಎತ್ತಿನ ಗಾಡಿಯಲ್ಲಿ ತರೀಕೆರೆಗೆ ಬಾ, ಅಲ್ಲಿಂದ ರೈಲು. ನಿನ್ನ ಕೈಗೆ ಇನ್ನು ಕೊಡ ಮುಟ್ಟಿಸುವುದಿಲ್ಲ. ಈಗ ಕೋಟು ಬಿಚ್ಚಿಟ್ಟು ನಾನೇ ಹೊರುತ್ತಿದ್ದೇನೆ. ಜನ ನಗುತ್ತಾರೆ. ನಗಲಿ.

ಅತ್ತೆಯವರಿಗೂ ಮಾವನವರಿಗೂ ನನ್ನ ಶರಣು ತಿಳಿಸು, ಅವರು ಕೇಳಿಸಿಕೊಳ್ಳುವುದಾದರೆ. ನಿನ್ನ ಮೈಗೂ ಮನಸ್ಸಿಗೂ ಶಿವ ಸಮಾಧಾನ ಕೊಡಲಿ.

ನಿನ್ನವನೇ ಆದ
ಗಂಗಾಧರಯ್ಯ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇಷ್ಟು ಬರೆಯುತ್ತಿದ್ದೇನೆ. ದೊರೆ ಬಂದದ್ದು ಮಗು ಹೋದ ಮರುದಿನ ಎಂದು ಮೇಲೆ ಬರೆದಿದ್ದೇನೆ. ನಿನಗೆ ಬಾಯಲ್ಲಿ ಹೇಳಿದ್ದೂ ಅದನ್ನೇ. ಸುಳ್ಳು. ಅವರು ಬಂದದ್ದು ಅದೇ ಬೆಳಿಗ್ಗೆ. ಸೂಲಗಿತ್ತಿ ಕೆಂಚಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದೆ ಹಿಡಿದು, "ಒಂದ್ಸಲ ಮಖ ನೋಡ್ರಪ್ಪಾ" ಎಂದಳು. ಹೊರಗೆ ಟ್ರಾಲಿ ಬಂದು ನಿಂತಿತ್ತು. "ಮಣ್ಣು ನೀನೇ ಮಾಡ್ಸವ್ವ" ಎಂದು ಹೇಳಿ, ಟೋಪಿ ಇಟ್ಟುಕೊಂಡು ಓಡಿದೆ. ಎಚ್ಚರವಾದ ಮೇಲೆ ನೀನು ಕೇಳಿದ್ದು ಒಂದೇ ಮಾತು, "ಯಾರಂಗಿತ್ತು?" ಎಂದು. "ನಿನ್ನಂಗೇ ಇತ್ತು ಕಣೇ, ಮೂಗು, ತುಟಿ ಎಲ್ಲಾ" ಎಂದೆ. ಆ ಮಾತೊಂದನ್ನು ಹಿಡಿದುಕೊಂಡು ನೀನು ತವರಿಗೆ ಹೋದೆ. ದಾಕ್ಷಾಯಣಿ, ನಾನು ಬಟ್ಟೆ ಸರಿಸಿ ನೋಡಲೇ ಇಲ್ಲ. ನೋಡಿದವಳು ಕೆಂಚಮ್ಮ ಒಬ್ಬಳೇ. ಮಗು ಯಾರ ಹಾಗಿತ್ತೆಂದು ಕೇಳಲು ಎಷ್ಟೋ ಸಲ ಅವಳ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದೇನೆ. ನೀನು ಬಂದು ಕೇಳು. ಆಮೇಲೆ ನನಗೂ ಹೇಳು.