ಧನರಾಜನ ಕರೆಂಟ್ ಚಿಕಿತ್ಸೆ

ಹುಮನಾಬಾದ
೧೪-೯-೨೦೦೯

ಪ್ರೀತಿಯ ತಂಗಿ ಸ್ನೇಹಲ್,

ಹೇಗಿದ್ದೀ? ಜಪಾನಿನಲ್ಲಿ ಹೊಟ್ಟೆಗೆ ಸರಿಯಾಗಿ ಏನಾದರೂ ಸಿಗುತ್ತಿದೆಯೇ, ಇಲ್ಲಾ ಬರೀ ಅನ್ನ ಮೊಸರಿನಲ್ಲೇ ದಿನ ದೂಡುತ್ತಿದ್ದೀಯಾ? ನನ್ನಾಕೆ, ನಿನ್ನ ವೈನಿ, ಅನ್ನಕ್ಕೆ ಕಲಸಿಕೊಳ್ಳಲೆಂದು ಶೇಂಗಾ ಹಿಂಡಿ ಕುಟ್ಟಿ ಕಟ್ಟಿಟ್ಟಿದ್ದಾಳೆ. ಫೋನಿನಲ್ಲಿ ಮಾತಾಡೋಣವೆಂದರೆ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಬರೆದು ನೆಟ್ ಸೆಂಟರಿನಿಂದ ಕಳಿಸುತ್ತಿದ್ದೇನೆ.

ನನಗೆ ಹೇಸಿಗೆ ಬಂದಿದೆ, ತಂಗಿ. ದೊಡ್ಡಪ್ಪನ ಮಗ ಧನರಾಜ ಬಸ್ ಸ್ಟ್ಯಾಂಡಿನ ಹತ್ತಿರ ದವಾಖಾನೆ ತೆಗೆದಿದ್ದಾನೆ. ಹೌದು, ಹತ್ತನೇ ಕ್ಲಾಸು ದಾಟಲಾಗದ ನಮ್ಮ ಧನರಾಜನೇ. ಹೋದ ವರ್ಷ ರಾಜೇಶ್ವರದಲ್ಲಿ ನಮ್ಮವರೆಲ್ಲ ಸೇರಿ ನಿನಗೆ ಶಾಲು ಹೊದಿಸಿದರಲ್ಲ, ಅಂದು ಜಪಾನಿನಲ್ಲಿ ನಿನ್ನ ಸಂಶೋಧನೆ ಏನೆಂದು ಹಿರಿಯರು ಕೇಳಿದ್ದಕ್ಕೆ ನೀನು ಸರಳವಾಗಿ ಹೇಳಿದ್ದೆ: ಲೋಹಕ್ಕೆ ಕರೆಂಟಿನ ಒತ್ತಡ ಕೊಟ್ಟರೆ ಅದರ ಅಯಸ್ಕಾಂತದ ಗುಣ ಬದಲಾಗುತ್ತದೆ, ಅದನ್ನು ಎಕ್ಸ್‌ರೇ ಬಿಟ್ಟು ನೋಡುತ್ತೇವೆ ಎಂದು. ಇವನು ಅಷ್ಟನ್ನೇ ಹಿಡಿದುಕೊಂಡ. “ನೆತ್ತರದಾಗ ಕಬ್ಬಿಣ ಅದನೋ ಇಲ್ಲೋ? ಕರೆಂಟ್ ಕೊಟ್ಟರ ಕಬ್ಬಿಣದ ಗುಣ ಬದಲಾಗ್ತದಂತ ನಮ್ಮ ತಂಗಿನೇ ಹೇಳ್ಯಾಳ” ಎಂದು ಬಂದವರಿಗೆಲ್ಲ ಹೇಳುತ್ತಾನೆ. ಉಳಿದರ್ಧ ಅವನ ತಲೆಗೆ ಹೋಗಲೇ ಇಲ್ಲ. ಆ ಒತ್ತಡ ಲೋಹದ ಮೇಲಿನ ಒಂದೆರಡು ಪರಮಾಣುಗಳ ಪದರದಲ್ಲೇ ನಿಂತುಬಿಡುತ್ತದೆ, ಅಷ್ಟು ತೆಳುವಾದದ್ದನ್ನು ಕಾಣಲಿಕ್ಕೇ ಎಡಕ್ಕೆ ಸುತ್ತುವ ಎಕ್ಸ್‌ರೇ, ಬಲಕ್ಕೆ ಸುತ್ತುವ ಎಕ್ಸ್‌ರೇ ಬಿಟ್ಟು, ಲೋಹ ಯಾವುದನ್ನು ಎಷ್ಟು ಹೀರಿತೆಂದು ಹೋಲಿಸುತ್ತೇವೆ ಎಂದೂ ನೀನು ಅಂದಿದ್ದೆ. ನಿಮ್ಮದು ಮೇಲ್ಪದರ ದಾಟುವುದಿಲ್ಲ, ಧನರಾಜನದು ಮೊಣಕಾಲಿನ ಎಲುಬಿಗೇ ಇಳಿಯುತ್ತದಂತೆ.

ನಿನ್ನೆ ಅವನ ದವಾಖಾನೆಯ ಒಳಗೆ ಹೋಗಿ ನೋಡಿ ಬಂದೆ. ಮುಡಬಿಯ ಗಯಾಬಾಯಿಯ ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ, ಹಿಂಡದೆ, ಹಾಗೇ ಮುನ್ನಿ ಬೀಯ ಕಾಲಿಗೆ ಸುತ್ತಿದ. ಅದರ ಮೇಲೆ ತಾಮ್ರದ ಪಟ್ಟಿ, ಬ್ಯಾಟರಿ ವೈರು. ಮೂಲೆಯಲ್ಲಿ ಗುಟಕಾ ಉಗುಳಿದ ಬಕೀಟು. ಗೋಡೆಗೆ ಶಾಲು ಹೊದ್ದ ನಿನ್ನ ದೊಡ್ಡ ಫೋಟೋ. ಬದುಕಿರುವವಳ ಫೋಟೋಗೆ ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದಾನೆ, ಮಂಗ. “ಇದೇನೋ” ಎಂದರೆ, “ಮಂದಿಗಿ ಭಕ್ತಿ ಬರಬೇಕಲ್ಲ ಅಣ್ಣಾ” ಎಂದು ಹಲ್ಲು ಕಿರಿದ. ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡೆ, ಆದರೂ ಆ ವಾಸನೆ ಹೋಗಲಿಲ್ಲ. ಜಗಳವಾಡಲು ದೊಡ್ಡಪ್ಪನ ಹತ್ತಿರ ಹೋದರೆ, ಅವರೇ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಇನ್ನು ಯಾರಿಗೆ ಹೇಳುವುದು?

ವೈನಿ ನಿನ್ನನ್ನು ಕೇಳಿದ್ದಾಳೆ. ಇನ್ನು ಚಳಿಗಾಲ ಬರುತ್ತದೆ, ಮೈ ಜೋಪಾನ. ನೀನು ನೂರು ವರ್ಷ ಚೆನ್ನಾಗಿರು.

ನಿನ್ನ ಅಣ್ಣ,
ಗುರುಶಾಂತ

ತಾ.ಕ.: ಬರೆಯಬೇಕೋ ಬೇಡವೋ ಅಂದುಕೊಳ್ಳುತ್ತಿದ್ದೆ. ಅವ್ವ ದಿನಾ ಅಲ್ಲಿಗೇ ಹೋಗುತ್ತಿದ್ದಾಳೆ. ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದಾಳೆ, ಕಾಲಿನ ಹೆಬ್ಬೆರಳು ಕಪ್ಪಾಗಿದೆ, ಡಾಕ್ಟರರ ಹತ್ತಿರ ಬಾ ಎಂದರೆ ಬರುವುದಿಲ್ಲ. “ನನ್ನ ಮಗಳು ಕಂಡುಹಿಡಿದಿದ್ದು ಬಿಟ್ಟು ಮಂದಿ ಗುಳಿಗಿ ಯಾಕ ನುಂಗಲಿ” ಅನ್ನುತ್ತಾಳೆ. ನನ್ನ ಮಾತಿಗೆ ಹೊಟ್ಟೆಕಿಚ್ಚು ಎಂದಳು. ಇದು ಕೈಸೇರಿದ ಕೂಡಲೇ ಫೋನ್ ಮಾಡು. ನೀನು ಇಷ್ಟು ವರ್ಷ ಓದಿದ್ದು ಅವಳ ಕಾಲಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲವೆಂದು ನಿನ್ನ ಬಾಯಿಂದಲೇ ಹೇಳು.