ನಾಲ್ಕು ತಿಂಗಳ ಕೆಂಪು

ಮಾರ್ಚ್ ೧೪, ಗುರುವಾರ

ನನ್ನ ಕೆಂಪು ಹೋಯಿತು. ನಾಲ್ಕು ತಿಂಗಳು ಕಾದ ಕೆಂಪು!

ಫಾರ್ಮಲಿನ್‌ನಲ್ಲಿಟ್ಟ ಇಲಿಯ ಕಣ್ಣಿನ ನರದ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಬಣ್ಣದ ಹರಳು ಕೂರಿಸಿದ್ದೆ. ಸತ್ತ ನರದ ಪೊರೆಗುಂಟ ಅದು ದಿನಕ್ಕೆ ಕೂದಲೆಳೆಯಷ್ಟು ತೆವಳಿ ಮಿದುಳು ಸೇರಬೇಕು. ಮದುವೆಯ ದಿನವೂ ಅದನ್ನು ನೆನೆದಿದ್ದೆ, ದೇವರಾಣೆ!

ನಾನು ಮದುವೆಯ ರಜೆಯಲ್ಲಿದ್ದಾಗ ನಮ್ಮ ಗೈಡ್ ಸರ್ ತಾವೇ ಅದನ್ನು ತೆಳುವಾಗಿ ಕೊಯ್ದು, ಬೇರೆಲ್ಲ ಸ್ಲೈಡುಗಳ ಹಾಗೆ ಆಲ್ಕೋಹಾಲಿನಲ್ಲಿ ಅದ್ದಿದ್ದಾರೆ. ಆಲ್ಕೋಹಾಲ್ ಈ ಬಣ್ಣವನ್ನು ತೊಳೆದೇ ಬಿಡುತ್ತದೆ. ‘ಆಲ್ಕೋಹಾಲ್ ಬೇಡ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ.

“ನಿನ್ನ ಕೆಲಸ ಮುಗಿಸಿಟ್ಟಿದ್ದೀನಮ್ಮ” ಎಂದರು ಬೆಳಿಗ್ಗೆ. ನರ ಕೆಂಪಾಗಿ ಹೊಳೆಯಬೇಕಿದ್ದ ಕಡೆ ಮೈಕ್ರೋಸ್ಕೋಪಿನಲ್ಲಿ ಬರೀ ಕಪ್ಪು.

ಸರ್ ಕೂಡ ಇಣುಕಿ ನೋಡಿದರು. “ಹರಳು ಸರಿಯಾಗಿ ಕೂತೇ ಇಲ್ಲ. ಮದುಮಗಳ ಮನಸ್ಸು ಎಲ್ಲಿತ್ತೋ!” ಲ್ಯಾಬಿನವರೆಲ್ಲ ನಕ್ಕರು. ಹರಳು ಇಟ್ಟಾಗ ನನಗೆ ಗಂಡು ಗೊತ್ತೇ ಆಗಿರಲಿಲ್ಲ! ಅದನ್ನು ಹೇಳುವುದು ಬಿಟ್ಟು ನಾನೂ ಹಲ್ಲು ಕಿರಿದೆ. ಥೂ.

ಸಂಜೆ ಓಡೋಡಿ ಮನೆಗೆ ಬಂದೆ. ನನ್ನವನ ಹೆಗಲ ಮೇಲೆ ತಲೆಯಿಟ್ಟು ಅತ್ತರೆ ಸಾಕಿತ್ತು. ನನ್ನ ಬಂಗಾರ, ಎಷ್ಟು ಒಳ್ಳೆಯವನು! ಸರ್ ಅಂದದ್ದನ್ನು ಹೇಳುತ್ತಿದ್ದ ಹಾಗೆ ಅವನ ಮುಖ ಅರಳಿತು.

“ಏಯ್, ನಿಜವಾಗ್ಲೂ ಅಷ್ಟೊಂದು ನನ್ನ ಗುಂಗಲ್ಲಿದ್ಯಾ?”

“ಇಲ್ಲ ಕಣೋ, ತಪ್ಪು ಸರ್‌ದು” ಎಂದೆ.

“ಓ, ನನ್ನಿಂದಲ್ವಾ” ಎಂದ. ಆ ಮುಖ ಬಾಡಿದ್ದನ್ನು ನೋಡಲಾಗಲಿಲ್ಲ. “ನಿನ್ನಿಂದಲೇ, ಕಳ್ಳ” ಎಂದುಬಿಟ್ಟೆ. ಖುಷಿಯಿಂದ ಕೆನ್ನೆ ಹಿಂಡಿದ.

ತಪ್ಪು ಮಾಡಿದವಳು ನಾನೇ ಎಂದು ಈಗ ಮನೆಯಲ್ಲೂ ತೀರ್ಮಾನವಾಯಿತು. ಅದೂ ನನ್ನ ಬಾಯಿಂದಲೇ.